ಖರ್ಜೂರದ ಬೀಜದ ಚುನಾವಣೆ

ಇಲ್ಲಿ ಗಲ್ಫಿನಲ್ಲಿ, ಸೀಬ್‌ನ ನಮ್ಮ ಮನೆ ಬಿಟ್ಟು ಬೌಷರ್ ಬಡಾವಣೆಗೆ ಹೋಗೋಣವೆಂದು ಹೆಂಡತಿ, ಮಗಳು ಒಂದಾಗಿ ಎರಡು ವೋಟಿನಿಂದ ನನ್ನ ಒಂದು ವೋಟನ್ನು ಸೋಲಿಸಿದ್ದರು. ಹೆಂಡತಿಯ ಕೆಲಸ ಅಲ್ಲಿ. ನನಗೋ ಇಲ್ಲಿಯ ಬಾಲ್ಕನಿ ಬಿಡಲು ಮನಸ್ಸಿಲ್ಲ. ಮುಖ ಊದಿಸಿಕೊಂಡು ಖರ್ಜೂರ ತಿನ್ನುತ್ತಿದ್ದೆ. ಎದುರಿಗೆ ಮಗಳು ಸಮಾಜದ ಪಾಠ ಓದುತ್ತಿದ್ದಳು. ಪ್ರಜಾಪ್ರಭುತ್ವ ಆಗಷ್ಟೇ ಹುಟ್ಟಿದ್ದ ಅಥೆನ್ಸಿನಲ್ಲಿ, ಬೇಡವಾದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ, ವೋಟು ಎಣಿಸಿ ಅವನನ್ನು ಊರಾಚೆ ಕಳಿಸುತ್ತಿದ್ದರಂತೆ. "ಸೋ ಸಿಲ್ಲಿ, ಪಪ್ಪಾ," ಎಂದಳು.

ನಾನು ಕೈಯಲ್ಲಿದ್ದ ಬೀಜ ನೋಡಿದೆ. ನೀವು ನಂಬಲಿಕ್ಕಿಲ್ಲ, ಆ ಪ್ರಜಾಪ್ರಭುತ್ವವು ಇಲ್ಲಿಯ ‘ವಾದಿ ಅದಾಯ್’ ಎಂಬ ಬಡಾವಣೆಯಲ್ಲಿ ಇನ್ನೊಮ್ಮೆ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡವನು. ಆ ಕಥೆಯನ್ನು ಅವಳಿಗೂ ಹೇಳಿದೆ.

ಮದುವೆಗೆ ಮುಂಚೆ ಅಲ್ಲಿ, ಗ್ಯಾರೇಜುಗಳ ಮೇಲಿನ ಒಂದು ಫ್ಲ್ಯಾಟಿನಲ್ಲಿ ನಾವು ನಾಲ್ವರು ಇದ್ದೆವು. ಏಸಿ ಇದ್ದದ್ದು ಒಂದೇ ಕೋಣೆಗೆ, ಬೇಸಿಗೆಯಲ್ಲಿ ಎಲ್ಲರೂ ಅಲ್ಲೇ ಮಲಗಬೇಕು. ಆಗಿನ್ನೂ ರಾಜಪ್ರಭುತ್ವ. ಫ್ಲ್ಯಾಟು ಹಿಡಿದಿದ್ದವನು ಬಂಟ್ವಾಳದ ಹಂಝ, ಟೈರು ವ್ಯಾಪಾರಿ. ಅವನು ಹೇಳಿದ್ದೇ ಅಡಿಗೆ. ರಾಜನ ಮೀನುಸಾರಿಗೆ ಉಪ್ಪು ಹೆಚ್ಚಾದರೂ ಹೊಗಳಿ ಉಣ್ಣುತ್ತಿದ್ದೆವು. ನಾನಂತೂ ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದೆ.

ಐದನೆಯವನಾಗಿ ಬಾಗಲಕೋಟೆಯ ಸಂಗಪ್ಪ ಬಂದ. ಲಿಫ್ಟ್ ರಿಪೇರಿಯವನು, ಬಂಗಾರದಂಥ ಮನುಷ್ಯ. ಆದರೆ ಅವನ ಗೊರಕೆ! ಕೆಳಗಿನ ಗ್ಯಾರೇಜು ಮುಚ್ಚಿದ ಮೇಲೆ ಇವನದು ತೆರೆಯುತ್ತಿತ್ತು. ಹೋಗು ಎನ್ನಲು ಹಂಝನಿಗೆ ಬಾಯಿ ಬರಲಿಲ್ಲ. ರಾಜನಿಗೆ ಧೈರ್ಯ ಸಾಲದಾದಾಗಲೇ ಪ್ರಜೆಗಳಿಗೆ ಅಧಿಕಾರ ಸಿಗುವುದೆಂದು ನನ್ನ ಅಂದಾಜು. ಅಥೆನ್ಸಿನಲ್ಲಿ ಹೇಗಾಯಿತೋ ಕಾಣೆ.

ಒಂದು ಶುಕ್ರವಾರ ಊಟವಾದ ಮೇಲೆ ಹಂಝ ಎಲ್ಲರಿಗೂ ಒಂದೊಂದು ಖರ್ಜೂರ ಕೊಟ್ಟ. "ನೋಡಿ ಮಾರಾಯ್ರೆ, ನಾನೊಬ್ಬನೇ ಹೇಳಿದ್ರೆ ಸರಿಯಾಗುದಿಲ್ಲ. ಮುಷ್ಟಿ ಕಟ್ಟಿ ಈ ಪಾತ್ರೆಗೆ ಕೈ ಹಾಕಿ. ಸಂಗಪ್ಪ ಬೇರೆ ರೂಮು ನೋಡ್ಬೇಕು ಅಂತಿದ್ರೆ ಬೀಜ ಬಿಡುದು, ಇಲ್ಲೇ ಇರ್ಲಿ ಅಂತಿದ್ರೆ ಕೈಯಲ್ಲೇ ಇಟ್ಕೊಳ್ಳುದು. ಸಂಗಪ್ಪನಿಗೂ ಒಂದು ವೋಟು ಉಂಟು." ಸದ್ದಾಗದಿರಲೆಂದು ಪಾತ್ರೆಯೊಳಗೆ ಟವೆಲು ಬೇರೆ ಹಾಸಿದ್ದ.

ಪಾತ್ರೆ ಸುತ್ತು ಬಂತು. ಹಂಝ ಬೋರಲು ಹಾಕಿದ. ಐದು ಬೀಜ.

"ಯಾರದು ಎರಡು ಹಾಕಿದ್ದು? ಅವನನ್ನು ಬಿಟ್ರೆ ನಾವು ನಾಲ್ಕೇ ಜನ ಅಲ್ವಾ?" ಹಂಝ ಸಿಡುಕಿದ. ಪ್ರಜಾಪ್ರಭುತ್ವ ಹುಟ್ಟಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಆಗಲೇ ಚುನಾವಣಾ ಅಕ್ರಮ. ನಾವು ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡಿದೆವು.

"ಯಾರೂ ಎರಡು ಹಾಕಿಲ್ರಿ," ಎಂದ ಸಂಗಪ್ಪ. "ಒಂದು ನಂದೈತಿ. ನಾನೂ ಈ ಮನ್ಯಾವನ ಅಲ್ರಿ? ಮನ್ಯಾಗ ಎಲ್ಲಾರಿಗೂ ನಿದ್ದಿ ಬೇಕಲ್ಲ."

ಹಂಝ ಬೀಜಗಳನ್ನು ಗುಡಿಸಿ, "ಖಲಾಸ್, ಇದೆಲ್ಲ ಕ್ಯಾನ್ಸಲ್. ನೀನು ಇಲ್ಲೇ ಇರು," ಎಂದ.

"ಎಣಿಸಿದ ಮ್ಯಾಲೆ ಮುಗೀತ್ರಿ. ಇವತ್ತ ನನ್ನ ಸಲುವಾಗಿ ನಿಯಮ ಮುರದ್ರ, ನಾಳೆ ಮತ್ತೊಬ್ಬರ ಸಲುವಾಗಿ ಮುರೀತೀರಿ."

ಆ ವಾರವೇ ಹೋದ. ಅವನಿಲ್ಲದೆ ನಮಗೆ ನಿದ್ದೆ ಹತ್ತಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹತ್ತಿತು, ಸೊಗಸಾಗಿಯೇ ಮಲಗಿದೆವು. ಬೆಳಿಗ್ಗೆ ಎದ್ದು ಒಬ್ಬರ ಮುಖ ಒಬ್ಬರು ನೋಡಲು ಮಾತ್ರ ನಾಚಿಕೆಯಾಗುತ್ತಿತ್ತು.

ಮಗಳು ಪುಸ್ತಕ ಮುಚ್ಚಿದಳು. ಅವಳದೂ ಅವಳಮ್ಮನದೂ ಒಂದೊಂದು ಬೀಜ ತಟ್ಟೆಯಲ್ಲಿತ್ತು. ನನ್ನದನ್ನೂ ಅದಕ್ಕೆ ಹಾಕಿ, ಸಾಮಾನು ತುಂಬಲು ಖಾಲಿ ಪೆಟ್ಟಿಗೆ ಹುಡುಕಲು ಎದ್ದೆ.

"ಬಟ್ ಪಪ್ಪಾ, ಯು ಲಾಸ್ಟ್!" ಎಂದಳು.

"ಎಣಿಸು," ಎಂದೆ. "ಮೂರಿವೆ."