ಪಶ್ಚಿಮಕ್ಕೆ ಎರಡನೇ ಪರದೆ

ಮಾನಿಟರನ್ನು ಲ್ಯಾಪ್‌ಟಾಪಿನ ಎಡಗಡೆಗೇ ಇಡಬೇಕು ಎಂದು ಹಟ ಹಿಡಿದವಳು ನಾನು. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವರು ಅದನ್ನು ಡಬ್ಬಿಗೆ ಹಾಕಿ ಕೊಡುವಾಗ, "ಬಲಗಡೆ ಇಟ್ಕಳ್ರೀ ಅಕ್ಕಾ, ಮೌಸ್ ಹಿಡಿಯೋ ಕೈ ಕಡೆ. ಎಲ್ಲಾರೂ ಹಂಗೇ ಇಡೋದು" ಎಂದಿದ್ದರು. ಎಲ್ಲರ ಗಂಡಂದಿರಿಗೂ ಎಡಗಡೆ ಎಂಬುದೊಂದು ಇದೆಯಲ್ಲ, ಇಟ್ಟುಕೊಳ್ಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಡಬ್ಬಿ ಎತ್ತಿಕೊಂಡು ಬಂದೆ.

ನನ್ನ ಗಂಡ ಜಮೀನು ಅಳೆಯುವವರು, ಲೈಸೆನ್ಸ್ ಇರುವ ಸರ್ವೇಯರ್. ಹೋದ ಬೇಸಿಗೆಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಕಾಲಿಗೆ ಶಕ್ತಿ ಮರಳಿ ಬಂತು. ಮಾತಿಗೆ ಏನೂ ಆಗಲಿಲ್ಲ. ಎಡಗೈ ಮಾತ್ರ ಇನ್ನೂ ಸೋತೇ ಇದೆ. ಆದರೆ ನನ್ನನ್ನು ಹಣ್ಣು ಮಾಡಿದ್ದು ಕೈಯಲ್ಲ. ತಟ್ಟೆಯ ಬಲಗಡೆಯ ಅನ್ನ ಉಂಡು, ಎಡಗಡೆಯದನ್ನು ಹಾಗೇ ಬಿಟ್ಟು, "ಇನ್ನೊಂಚೂರು ಹಾಕೇ" ಎನ್ನುತ್ತಾರೆ. ಬಲಗೆನ್ನೆಯ ಗಡ್ಡ ಬೋಳಿಸಿ ಕನ್ನಡಿ ಎತ್ತಿಡುತ್ತಾರೆ. ಎಡಗಡೆ ನಿಂತು ಕರೆದರೆ ಬಲಗಡೆ ತಿರುಗಿ ನನ್ನನ್ನು ಹುಡುಕುತ್ತಾರೆ. ಶಿವಮೊಗ್ಗದ ಡಾಕ್ಟರು, "ಕಣ್ಣಿಗೇನೂ ಆಗಿಲ್ಲಮ್ಮ. ಎಡಗಡೆ ಅನ್ನೋದು ಇದೆ ಅನ್ನೋದನ್ನೇ ಮಿದುಳು ಮರೆತುಬಿಟ್ಟಿದೆ. ಬೇಕಾದ್ದನ್ನೆಲ್ಲ ಆ ಕಡೆಗೇ ಇಡಿ, ತಿರುಗಿ ತಿರುಗಿ ಅಭ್ಯಾಸ ಆಗಬಹುದು" ಎಂದಿದ್ದರು. ಇದನ್ನು ಇವರಿಗೆ ಹೇಳಿದರೆ ನಗುತ್ತಾರೆ. ಕಾಣದೇ ಇರುವುದು ಅಲ್ಲಿದೆ ಎಂದು ಕಾಣದವರಿಗೆ ನಾನಾದರೂ ಹೇಗೆ ತೋರಿಸಲಿ?

ಹೀಗಿರುವಾಗ ಉಳವಿಯಿಂದ ಫೋನ್ ಬಂತು. ಅಲ್ಲಿ ಅಣ್ಣ ತಮ್ಮ ಇಬ್ಬರು ಗದ್ದೆ ಪಾಲು ಮಾಡಿಕೊಳ್ಳುವವರಿದ್ದರು. ಕಾಯಿಲೆ ಬೀಳುವ ಮೊದಲೇ ಇವರು ಅಳತೆ ಮುಗಿಸಿ ಬಂದಿದ್ದರು, ನಕ್ಷೆ ಬರೆಯುವುದಷ್ಟೇ ಬಾಕಿ. "ನಿಧಾನಕ್ಕೇ ಮಾಡಿ ಮಾರಾಯ್ರೆ, ಆದ್ರೆ ನೀವೇ ಮಾಡ್ಬೇಕು. ಬೇರೆ ಯಾರು ಗೆರೆ ಎಳೆದ್ರೂ ನಮ್ಮ ತಮ್ಮ ಒಪ್ಪೋದಿಲ್ಲ" ಎಂದರು ಅಣ್ಣ. ನಾನು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದೆ. ನಿಂತದ್ದು ಎಡಗಡೆ, ಕಂಡರೆ ತಾನೇ! "ವಾರದಾಗೆ ಕೊಡ್ತೀನ್ರೀ" ಎಂದೇಬಿಟ್ಟರು ಇವರು.

ಅವತ್ತೇ ಲ್ಯಾಪ್‌ಟಾಪ್ ಮುಂದೆ ಕೂತರು. ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಅದನ್ನು ನೋಡಿ ನನಗೂ ಸಂತೋಷವಾಯಿತು. ಆಮೇಲೆ ಹಿಂದೆ ನಿಂತು ನೋಡಿದೆ. ಪೂರ್ವದ ಗಡಿ ಅಚ್ಚುಕಟ್ಟಾಗಿ ಬಂದಿತ್ತು. ಪಶ್ಚಿಮದಲ್ಲಿ, ತಮ್ಮನ ಪಾಲು ಇರುವ ಕಡೆ, ಗೆರೆ ಅರ್ಧಕ್ಕೇ ನಿಂತುಹೋಗಿತ್ತು. "ಮುಗೀತು ನೋಡು" ಎಂದರು. ಇದು ಉಳವಿಗೆ ಹೋದರೆ ಆ ತಮ್ಮನ ಗತಿ ಏನು? ಹೋಗದಂತೆ ತಡೆದರೆ ಇವರ ಗತಿ ಏನು?

ಎರಡನೇ ಮಾನಿಟರಿನ ಯೋಚನೆ ಬಂದದ್ದು ಆಗ. ಆ ಗದ್ದೆಯ ಹಳೇ ನಕ್ಷೆ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ, ಸುಲಭವಾಗುತ್ತದೆ ಎಂದು ಪುಸಲಾಯಿಸಿದೆ. ಎಡಕ್ಕೆ ತಿರುಗದೆ ಕೆಲಸವೇ ಸಾಗದ ಹಾಗೆ ಮಾಡಿದರೆ ತಿರುಗಿಯೇ ತಿರುಗುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೇ ಕೂರುವವಳು ನಾನು, ಇದೇನು ಮಹಾ ಎಂದುಕೊಂಡಿದ್ದೆ. ಡಬ್ಬಿಯಲ್ಲಿದ್ದ ಕೇಬಲ್ಲಿನ ತಲೆ ಲ್ಯಾಪ್‌ಟಾಪಿಗೆ ಕೂರಲಿಲ್ಲ. ಮತ್ತೆ ಅಂಗಡಿಗೆ ಹೋಗಿ ಎಚ್‌ಡಿಎಂಐ ಕೇಬಲ್ ತಂದೆ. ಚುಚ್ಚಿದ ಮೇಲೆ ಎರಡರಲ್ಲೂ ಒಂದೇ ಚಿತ್ರ ಬಂತು. ಡುಪ್ಲಿಕೇಟ್ ತೆಗೆದು, ಎರಡೂ ಸೇರಿ ಒಂದೇ ಉದ್ದ ಪರದೆಯಾಗುವ ಹಾಗೆ ಎಕ್ಸ್‌ಟೆಂಡ್ ಮಾಡಿದೆ. ಇವರು ಮೌಸನ್ನು ಬಲಕ್ಕೆ ತಳ್ಳಿದರೆ ಬಾಣ ಲ್ಯಾಪ್‌ಟಾಪಿನ ಬಲ ಅಂಚು ದಾಟಿ ಎಡಗಡೆಯ ಮಾನಿಟರಿನಲ್ಲಿ ಹೋಗಿ ಎದ್ದಿತು.

"ಬಾಣ ಎಲ್ಲಿ ಹೋತು?" ಎಂದು ಬಲಗಡೆಯ ಕಿಟಕಿಯ ಕಡೆ ಬಗ್ಗಿ ನೋಡಿದರು.

ಸೆಟ್ಟಿಂಗ್ಸ್ ತೆರೆದೆ. ಒಂದು, ಎರಡು ಎಂದು ನಂಬರ್ ಬರೆದ ಎರಡು ಚೌಕಗಳು ಅಕ್ಕಪಕ್ಕ ಇದ್ದವು. ಹೊಸ ಮಾನಿಟರಿನ ಚೌಕ, ಎರಡನೆಯದು, ಬಲಕ್ಕಿತ್ತು, ಕಂಪ್ಯೂಟರಿಗೂ ಅಂಗಡಿಯವರ ಬುದ್ಧಿಯೇ.

"ಎರಡನೇ ನಂಬರ್ ಒಂದೇ ಐತಲ್ಲ, ಒಂದನೇ ನಂಬರ್ ಎಲ್ಲೈತಿ?" ಸರ್ವೆ ನಂಬರ್ ಕೇಳುವ ದನಿಯಲ್ಲೇ ಕೇಳಿದರು. ನಾನು ಎರಡನೇ ಚೌಕವನ್ನು ಎಳೆದು ಒಂದನೆಯದರ ಎಡಕ್ಕೆ ಕೂರಿಸಿದೆ.

"ಈಗ ಒಂದು ಬಂತು. ಎರಡನ್ನ ಏನ್ ಮಾಡ್ದೆ?"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹಳೇ ನಕ್ಷೆಯನ್ನು ಮಾನಿಟರಿಗೆ ಹಾಕಿ, ಅದರ ಪಕ್ಕ ಕುರ್ಚಿ ಎಳೆದುಕೊಂಡು, ಎಡಕ್ಕೆ ನೋಡಿ, ಇನ್ನೂ ಎಡಕ್ಕೆ, ಎಂದು ಹೇಳಿ ಹೇಳಿ ಗಂಟಲು ಒಣಗಿತು. "ನೋಡಾಕತ್ತೀನಲ್ಲೇ" ಎಂದು ರೇಗಿದರು. ನನಗೂ ರೇಗಿತು.

"ಹಾಗಾದ್ರೆ ಈ ಮೇಜಿನ ಚಕ್ಕುಬಂದಿ ಹೇಳಿ ನೋಡಣ" ಎಂದೆ.

ಜಮೀನಿನ ನಾಲ್ಕೂ ದಿಕ್ಕಿಗೆ ಏನಿದೆ ಎಂದು ಹೇಳುವುದು ಚಕ್ಕುಬಂದಿ. ಅದು ಇವರ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತದೆ. ನಮ್ಮ ಮೇಜು ಉತ್ತರದ ಗೋಡೆಗೆ ತಾಗಿಕೊಂಡಿದೆ, ಕೂತವರಿಗೆ ಎಡಗಡೆಯೇ ಪಶ್ಚಿಮ.

"ಪೂರ್ವಕ್ಕೆ ಕಿಟಕಿ" ಎಂದು ಹುರುಪಿನಿಂದ ಶುರು ಮಾಡಿದರು. "ಪಶ್ಚಿಮಕ್ಕೆ..." ತಡೆದರು. "ಉತ್ತರಕ್ಕೆ ಗೋಡೆ. ದಕ್ಷಿಣಕ್ಕೆ ಅಡಿಗಿಮನಿ ಬಾಗ್ಲು."

"ಪಶ್ಚಿಮಕ್ಕೆ?"

ಮೂರೇ ಗಡಿಯ ಚಕ್ಕುಬಂದಿಯನ್ನು ಅವರು ಜನ್ಮದಲ್ಲಿ ಬರೆದವರಲ್ಲ. ಹಣೆ ಉಜ್ಜಿಕೊಂಡರು.

"ಪಶ್ಚಿಮಕ್ಕೆ ಖರಾಬು."

ಖರಾಬು ಎಂದರೆ ಉಳುಮೆಗೆ ಬಾರದ, ಯಾರೂ ಇಲ್ಲದ ನೆಲ. ಆ ಖರಾಬಿನಲ್ಲಿ ಹೊಸ ಮಾನಿಟರ್ ಉರಿಯುತ್ತಿತ್ತು, ಅದರ ಪಕ್ಕ ನಾನು ಕೂತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಇಷ್ಟು ನೋವಾದದ್ದು ನೆನಪಿಲ್ಲ. ಬೇಕೆಂದು ಹೇಳಿದ್ದಲ್ಲ ಎಂದು ಗೊತ್ತಿದ್ದೂ ದನಿ ಏರಿತು.

"ಖರಾಬು ಅಂತ ಬರೆಯೋಕೆ ಮುಂಚೆ ಹೋಗಿ ಕಾಲಿಟ್ಟು ನೋಡ್ಬೇಕು ಅಂತ ಊರಿಗೆಲ್ಲ ಹೇಳ್ತಿದ್ರಲ್ಲ. ನೀವು ನೋಡಿದೀರಾ?"

ಅದು ತಾಗಿತು. ಮೌಸ್ ಬಿಟ್ಟರು. ಬಲಗೈಯಿಂದ ಲ್ಯಾಪ್‌ಟಾಪಿನ ಅಂಚು ಹಿಡಿದು, ಬದು ಹಿಡಿದು ನಡೆಯುವವರ ಹಾಗೆ ಸರಿಸುತ್ತ ಬಂದರು. ಕೇಬಲ್ ಸಿಕ್ಕಿತು. ಮಾನಿಟರಿನ ಕಾಲು ಸಿಕ್ಕಿತು. ಆಮೇಲೆ ನನ್ನ ಬಳೆ, ಮುಂಗೈ. ಕೈಯ ಹಿಂದೆ ತಲೆಯೂ ತಿರುಗುತ್ತ ಬಂದು ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಇಲ್ಲೇ ಕುಂತಿದ್ಯೇನೇ ನೀನು?"

"ಆಗಿಂದ ಇಲ್ಲೇ ಇದೀನಿ."

ಇನ್ನೇನು ನಗುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಮಾನಿಟರಿನಲ್ಲಿದ್ದ ಹಳೇ ನಕ್ಷೆಗೆ ಬಿತ್ತು. ಪಶ್ಚಿಮದ ಗಡಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನಾ ಬರೆದ ನಕ್ಷೆದಾಗೆ ಇಷ್ಟೂ ಬಿಟ್ಟೀನೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಉಳವಿಯ ಆ ತಮ್ಮ ನಂಬಿದ್ದು ಇವರನ್ನು, ನನ್ನನ್ನಲ್ಲ. "ಹೌದು" ಎಂದೆ.

"ಉಳವಿಗೆ ಫೋನ್ ಹಚ್ಚು" ಎಂದರು. ಬಲಗೈ ನನ್ನ ಮುಂಗೈ ಬಿಟ್ಟಿರಲಿಲ್ಲ, ಎಡಗೈಗೆ ಹಿಡಿಯಲು ಬಾರದು. ನಾನೇ ಫೋನನ್ನು ಅವರ ಕಿವಿಗೆ ಹಿಡಿದೆ. "ಬ್ಯಾರೇರ ಕೈಲಿ ಮಾಡಿಸ್ಕಳ್ರೀ. ನನಗೆ ಒಂದು ಕಡೆ ಕಾಣಾಂಗಿಲ್ಲ" ಎಂದು ತಾವೇ ಹೇಳಿದರು. ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಫೋನ್ ಇಟ್ಟು, ಚಹಾ ಕಾಸೋಣ ಎಂದು ಏಳಹೋದೆ. ಕೈ ಬಿಗಿ ಹಿಡಿದರು.

"ಏಳಬ್ಯಾಡ. ನೀ ಎದ್ರೆ ಮತ್ತೆ ಖರಾಬಾಗತೈತಿ."