ಬೋರಲು ಹಾಕಿದ ಪೆಟ್ಟು

ಗುಮಾನಿಯ ಮುತ್ತಜ್ಜ ಧಾನ್ಯದ ಉಗ್ರಾಣದ ಕಾವಲುಗಾರ. ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಆಸಾಮಿ. ಒಮ್ಮೆ ಒಳಗಿನಿಂದ ಕೆಮ್ಮು ಕೇಳಿಸಿತೆಂದು ಹೊರಗೆ ಅಗುಳಿ ಜಡಿದು, ಕಳ್ಳ ಸಿಕ್ಕಿದ ಎಂದು ಬೀದಿಯನ್ನೆಲ್ಲ ಕೂಗಿ ಸೇರಿಸಿದ. ಬಾಗಿಲು ತೆಗೆದರೆ ಉಗ್ರಾಣದ ಯಜಮಾನನೇ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಕೆಲಸವೇನೂ ಹೋಗಲಿಲ್ಲ. ಇಂಥ ನಾಯಿ ಇನ್ನೆಲ್ಲಿ ಸಿಕ್ಕೀತು ಎಂದು ಯಜಮಾನ ಅವನನ್ನು ಸಾಯುವತನಕ ಇಟ್ಟುಕೊಂಡ.

ಆ ಕಾವಲುಗಾರನ ಮಗ ಪಾತ್ರೆ ವ್ಯಾಪಾರಿ. ಪಾತ್ರೆಯನ್ನು ಕಣ್ಣಿನಿಂದ ನೋಡಿ ಕೊಂಡವನಲ್ಲ. ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ, ಸದ್ದು ಪೂರ್ತಿ ಸಾಯುವತನಕ ಕಾಯುತ್ತಿದ್ದ. ಸದ್ದು ಅರ್ಧದಲ್ಲಿ ಕುಂಟಿದರೆ ಎಲ್ಲೋ ಬಿರುಕಿದೆ ಎಂದೇ ಲೆಕ್ಕ. ಅವನ ಹೆಂಡತಿ ಅವನಿಗೂ ಒಂದು ಕೈ ಮೇಲು. ಹಾಲಿನ ಹನಿಯೊಂದನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಅದು ಜಾರುವ ಪರಿ ನೋಡದೆ ಹಾಲಿನವನ ಮುಂದೆ ಪಾತ್ರೆ ಒಡ್ಡಿದವಳೇ ಅಲ್ಲ. ಇವರಿಬ್ಬರ ಮಗ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಯಲ್ಲಿ ಮೆಕ್ಯಾನಿಕ್ಕಾದ. ನಾಣ್ಯಕ್ಕೆ ದಾರ ಕಟ್ಟಿ ಒಳಗೆ ಬಿಟ್ಟು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳುವ ಚಾಲಾಕಿಗಳನ್ನು ಅವನು ಬೆನ್ನು ತಿರುಗಿಸಿ ಕೂತೇ ಹಿಡಿಯುತ್ತಿದ್ದ. ನಾಣ್ಯ ತಳ ಮುಟ್ಟಿದ ಸದ್ದು ಬರಲಿಲ್ಲವಲ್ಲ, ಅಷ್ಟು ಸಾಕು.

ಈ ಮೆಕ್ಯಾನಿಕ್ಕಿನ ಮಗನೇ ನಮ್ಮ ಗುಮಾನಿ. ಅದು ಹೆತ್ತವರು ಇಟ್ಟ ಹೆಸರಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೊಟ್ಟ ಚಹಾವನ್ನು ಮೂಸಿ ನೋಡಿ ಕುಡಿದನಂತೆ. ಅವಳೇ ರೇಗಿ ಇಟ್ಟ ಹೆಸರು, ಬೀದಿ ಎತ್ತಿಕೊಂಡಿತು. ಅವನು ಟಿ.ವಿ. ರಿಪೇರಿಯವನು. ಅಂಗಡಿಯ ಮುಂಭಾಗದಲ್ಲಿ ಒಂದು ಕಡೆ ಅವನ ಬೆಸುಗೆಯ ಮೇಜು, ಇನ್ನೊಂದು ಕಡೆ ಹೆಂಡತಿಯ ಹೊಲಿಗೆ ಯಂತ್ರ. ಹಿಂದೆ ಪರದೆ ಸರಿಸಿದರೆ ಕಿಟಕಿಯಿಲ್ಲದ ಚಿಕ್ಕ ಕೋಣೆ. ಅಲ್ಲಿ ಡೊಳ್ಳುಹೊಟ್ಟೆಯ ಹಳೇ ಟಿ.ವಿ., ಒಂದು ಕಂಪ್ಯೂಟರು, ವಯಸ್ಸಾಗಿ ಹಳದಿಯಾದ ಒಂದು ವಿಡಿಯೋ ಗೇಮ್ ಪೆಟ್ಟಿಗೆ. ಅವನ ಜೀವವೆಲ್ಲ ಆ ಪೆಟ್ಟಿಗೆಯಲ್ಲಿತ್ತು.

ಹಳೇ ಕಾಲದ ವಿಡಿಯೋ ಗೇಮುಗಳ ಧಾಟಿಯಲ್ಲಿ ಹೊಸ ಸಂಗೀತ ಕಟ್ಟುವವರು ಈಗಲೂ ಇದ್ದಾರೆ. ಅವರಿಗೆಲ್ಲ ಆ ಕಾಲದ ಡ್ರಮ್ಮಿನ ಸದ್ದು ಬೇಕು. ತಮಾಷೆ ಏನೆಂದರೆ, ಆ ಪೆಟ್ಟಿಗೆಯೊಳಗೆ ಡ್ರಮ್ಮೇ ಇಲ್ಲ. ಇರುವುದು ಬರೀ ಒಂದು ಸುಸ್ಸು. ಬಿರಿದ ಪೈಪಿನಿಂದ ನೀರು ಚಿಮ್ಮಿದಂಥ ಸದ್ದು. ಅದು ಒಳಗೆ ಸದಾ ಹರಿಯುತ್ತಲೇ ಇರುತ್ತದೆ, ಬಾಗಿಲು ಮುಚ್ಚಿರುತ್ತದೆ ಅಷ್ಟೆ. ಬಟನ್ ಒತ್ತಿದರೆ ಬಾಗಿಲು ಚಣ ತೆರೆದು ಮುಚ್ಚುತ್ತದೆ. ಬೇಗ ಮುಚ್ಚಿದರೆ ‘ಟಸ್’, ತಡೆದು ಮುಚ್ಚಿದರೆ ‘ಢಶ್’. ಅದೇ ಡ್ರಮ್ಮು. ಹರಿಯುವ ಕಾಲುವೆಗೆ ತಂಬಿಗೆ ಅದ್ದಿದ ಹಾಗೆ ಪ್ರತಿ ಸಲವೂ ಸಿಗುವ ನೀರು ಬೇರೆ. ಅಸಲಿ ಪೆಟ್ಟಿಗೆಯಲ್ಲಿ ಒಂದು ಪೆಟ್ಟಿನ ಹಾಗೆ ಇನ್ನೊಂದು ಪೆಟ್ಟು ಬರುವುದೇ ಇಲ್ಲ. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಗುಮಾನಿಯಂಥವರು ಬದುಕುವುದೇ ಕೂದಲೆಳೆಯ ಮೇಲೆ.

ಗುಮಾನಿ ಈ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಹಿಡಿದು ಆಟ ಕಟ್ಟುವವರಿಗೆ ಕೊಡುತ್ತ ತಲೆ ಹಣ್ಣಾಗಿಸಿಕೊಂಡಿದ್ದ. ಯಾವ ಆಟದ ಮೇಲೂ ಅವನ ಹೆಸರು ಬಂದಿರಲಿಲ್ಲ. ಹೀಗಿರುವಾಗ ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಆಟ ತಯಾರಿಸುವ ಒಬ್ಬ ಹೆಣ್ಣುಮಗಳು ಹೇಳಿ ಕಳಿಸಿದಳು. ಅವಳ ಹೊಸ ಆಟಕ್ಕೆ ಡ್ರಮ್ಮು ಬೇಕು.

“ನನ್ನ ಆಟ ಆಡೋರು ಕಿರಿಕ್ ಜನ ಅಣ್ಣಾ. ಡ್ರಮ್ಮು ಪೆಟ್ಟಿಗೆಯದಲ್ಲ, ನಕಲಿ ಅಂತ ಗೊತ್ತಾದ್ರೆ ಜನ್ಮ ಜಾಲಾಡ್ತಾರೆ. ಅಸಲಿ ಯಾರದೋ ಅವರಿಗೇ ಪೂರ್ತಿ ಕೆಲಸ. ಆಟ ಶುರುವಾಗೋ ಪರದೆ ಮೇಲೆ ಅವರ ಹೆಸರೂ ಹಾಕ್ತೀನಿ.”

“ಯಾರದೋ ಅಂದ್ರೆ? ಇನ್ನೂ ಯಾರಿದಾರೆ?”

ಇನ್ನೊಬ್ಬ ಇದ್ದ. ಪೀಪಿ. ಕೀರಲು ದನಿಗೆ ಬಂದ ಹೆಸರು. ಗುಮಾನಿಯ ಅಪ್ಪನ ಕೈಕೆಳಗೇ ಗೇಮ್ ಅಂಗಡಿಯಲ್ಲಿ ದುಡಿದವನು, ಈಗ ಗುಮಾನಿಯ ಹಾಗೆಯೇ ಪೆಟ್ಟು ಹಿಡಿದು ಕೊಡುವವನು. ಇಬ್ಬರೂ ಒಂದೇ ರಾಗಕ್ಕೆ ಡ್ರಮ್ಮು ಕೂರಿಸಿ ತರಬೇಕು ಎಂದಾಯಿತು. ತಂದರು. ಯಾರದು ಅಸಲಿ ಎಂದು ಹೇಳಲು ಆಕೆಗೆ ಬರಲಿಲ್ಲ. ಒಬ್ಬರ ಕೆಲಸ ಇನ್ನೊಬ್ಬರು ಕೇಳಿ ಹೇಳಲಿ ಎಂದು ಪೀಪಿಯದನ್ನು ಗುಮಾನಿಗೂ ಗುಮಾನಿಯದನ್ನು ಪೀಪಿಗೂ ಕೊಟ್ಟು ಕಳಿಸಿದಳು.

ಗುಮಾನಿ ಮನೆಗೆ ಬಂದವನೇ ಪರದೆ ಎಳೆದುಕೊಂಡು ಕೂತ. ಕೇಳಿದ. ತಪ್ಪು ಸಿಗಲಿಲ್ಲ. ಮತ್ತೆ ಕೇಳಿದ. ಆಗಲೂ ಇಲ್ಲ. ತಪ್ಪಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಇಷ್ಟು ಚೊಕ್ಕಟವಾಗಿರುವುದು ಎಂದರೆ ಅದರ ಹಿಂದೆ ಏನೋ ಕಿತಾಪತಿ ಇರಲೇಬೇಕು.

“ಒಳಗೆ ಯಾರನ್ನ ಹಿಡೀತಿದೀರಿ?” ಹೊರಗಿನಿಂದ ಹೆಂಡತಿ ಕೇಳಿದಳು.

“ಪೀಪಿನ.”

“ಪಾಪ, ಮೊನ್ನೆ ತಾನೇ ನಿಮ್ಮನ್ನ ಕೇಳಿದ್ರು. ಕಾಲುನೋವು ಹೇಗಿದೆ ಅಂತ.”

“ನನ್ನ ಕಾಲಿನ ವಿಷಯ ಅವನಿಗ್ಯಾಕೆ? ಅದೇ ನೋಡು, ಅಲ್ಲೇ ಇರೋದು!”

ಅವಳ ಕಾಲು ಯಂತ್ರದ ಪೆಡಲನ್ನು ಜೋರಾಗಿ ತುಳಿಯಿತು. ಅವಳು ನಗು ನುಂಗುವುದು ಹಾಗೆಯೇ.

ಗುಮಾನಿಗೆ ಉಪಾಯ ಹೊಳೆದದ್ದು ಆಮೇಲೆ. ಕಂಪ್ಯೂಟರಿನಲ್ಲಿ ಸದ್ದು ಬೆಟ್ಟಗುಡ್ಡದ ಸಾಲಿನಂತೆ ಕಾಣುತ್ತದೆ. ಒಂದು ಪೆಟ್ಟನ್ನು ಬೋರಲು ಹಾಕಿದರೆ ಗುಡ್ಡವಿದ್ದಲ್ಲಿ ಹಳ್ಳ, ಹಳ್ಳವಿದ್ದಲ್ಲಿ ಗುಡ್ಡ. ಆ ಬೋರಲು ಪೆಟ್ಟನ್ನು ಇನ್ನೊಂದು ಪೆಟ್ಟಿನ ಮೇಲೆ ಒಂದಿಷ್ಟೂ ಆಚೀಚೆ ಆಗದ ಹಾಗೆ ಕೂರಿಸಬೇಕು. ಎರಡರಲ್ಲಿ ಎಳ್ಳಷ್ಟು ಭೇದವಿದ್ದರೂ ಏನಾದರೂ ಸುಸ್ಸು ಉಳಿಯುತ್ತದೆ. ಒಂದೇ ಅಚ್ಚಿನವಾದರೆ ಒಂದನ್ನೊಂದು ನುಂಗಿ ಮೌನವಾಗುತ್ತವೆ. ಗುಮಾನಿ ಪೀಪಿಯ ಎರಡು ಪೆಟ್ಟು ಎತ್ತಿದ, ಒಂದನ್ನು ಬೋರಲು ಹಾಕಿದ, ಕೂರಿಸಿದ, ಕೇಳಿದ.

ಮೌನ.

ಇನ್ನೆರಡು ತೆಗೆದ. ಮೌನ. ರಾಗದ ತುಂಬ ಒಂದೇ ಪೆಟ್ಟು! ಗುಮಾನಿ ಕುರ್ಚಿಯಿಂದ ಎದ್ದು ತನ್ನ ತೊಡೆ ತಾನೇ ತಟ್ಟಿಕೊಂಡ.

ಮರುದಿನ ಲಾಂಡ್ರಿಯ ಮೇಲಿನ ಮಹಡಿಗೆ ಅವನು ಏರಿದ ಠೀವಿ ನೋಡಬೇಕಿತ್ತು; ಕಾಲುನೋವು ಕೆಳಗೇ ಉಳಿದಿತ್ತು. ಕೆಳಗಿನ ಇಸ್ತ್ರಿಯ ಹಬೆಗೆ ಆ ಕಚೇರಿಯ ನೆಲ ಸದಾ ಬೆಚ್ಚಗಿರುತ್ತಿತ್ತು. ಪೀಪಿ ಆಗಲೇ ಬಂದು ಸೋಫಾದ ತುದಿಯಲ್ಲಿ ಕೂತಿದ್ದ. ಗುಮಾನಿ ಕಂಪ್ಯೂಟರಿನ ಮುಂದೆ ಪರೀಕ್ಷೆ ಮಾಡಿ ತೋರಿಸಿದ. ಮೌನ ಎಲ್ಲರಿಗೂ ಕೇಳಿಸಿತು.

“ನೋಡಮ್ಮಾ, ಎಲ್ಲಾ ಒಂದೇ ಅಚ್ಚು. ಅಸಲಿ ಪೆಟ್ಟಿಗೆಯಲ್ಲಿ ಸತ್ತರೂ ಹೀಗೆ ಆಗಲ್ಲ. ನಿನ್ನ ಕಿವಿ ಮೇಲೆ ಹೂ ಇಟ್ಟಿದಾನೆ ಇವನು.”

ಪೀಪಿಯ ಮುಖ ಕಪ್ಪಿಟ್ಟಿತು. “ಲೋ, ಪೆಟ್ಟಿಗೆಯಿಂದಲೇ ಹಿಡಿದದ್ದು ಕಣೋ. ನನ್ನ ಕೈಯಾರೆ.”

“ಹಿಡಿದೆಯೋ, ಎಲ್ಲಿಂದಾದ್ರೂ ಕದ್ದೆಯೋ?”

“ನಿಮ್ಮಪ್ಪನ ಹತ್ರ ಕೆಲಸ ಕಲಿತವನಿಗೆ ಈ ಮಾತಾ?”

“ಅಪ್ಪ ನಿನ್ನ ಮೇಲೂ ಒಂದು ಕಣ್ಣಿಟ್ಟಿದ್ದ, ಗೊತ್ತಾ?”

ಪೀಪಿ ಎದ್ದ. ಚಪ್ಪಲಿ ಮೆಟ್ಟಿಕೊಂಡು, ಹಿಂದಿರುಗಿ ನೋಡದೆ ಮೆಟ್ಟಿಲಿಳಿದ. ಆಟದ ಹೆಣ್ಣುಮಗಳು ಗುಮಾನಿಗೆ ಕೈ ಕೊಟ್ಟು, “ಹಾಗಾದ್ರೆ ಕೆಲಸ ನಿಮ್ಮದೇ ಅಣ್ಣಾ. ಪರದೆ ಮೇಲೆ ಹೆಸರು ಹೇಗೆ ಬರೀಲಿ, ನಾಳೆ ಬಂದು ಹೇಳಿ” ಅಂದಳು.

ದಾರಿಯುದ್ದಕ್ಕೂ ಗುಮಾನಿಗೆ ಒಂದೇ ಯೋಚನೆ. ಪೀಪಿ ಯಾಕೆ ಜಗಳ ಆಡಲಿಲ್ಲ? ಒಂದು ಸ್ಕ್ರೂಗೂ ಹಟ ಹಿಡಿಯುತ್ತಿದ್ದವನು ಇಂಥ ಮಾತು ಕೇಳಿಯೂ ಸುಮ್ಮನೆ ಹೋದ ಎಂದರೆ ಒಳಗೊಳಗೇ ಏನೋ ಹೊಸೆಯುತ್ತಿದ್ದಾನೆ. ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತ, ಬಾಯಲ್ಲಿ ದಾರದ ತುದಿ ಇಟ್ಟುಕೊಂಡೇ ಕೇಳಿದಳು.

“ನಿಮ್ಮದನ್ನೂ ಬೋರಲು ಹಾಕಿ ನೋಡಿದ್ರಾ?”

“ನನ್ನದನ್ನಾ? ನನ್ನದನ್ನ ಯಾಕೆ ನೋಡಬೇಕು?”

“ಊರಿನವರನ್ನೆಲ್ಲ ನೋಡ್ತೀರಲ್ಲ, ಅದಕ್ಕೆ ಕೇಳಿದೆ.”

ಗುಮಾನಿ ನಕ್ಕ. ಊಟಕ್ಕೆ ಕೂತ. ಎರಡು ತುತ್ತು ತಿಂದು, ಮೂರನೆಯದನ್ನು ತಟ್ಟೆಯಲ್ಲೇ ಬಿಟ್ಟ. ಕೈ ತೊಳೆದುಕೊಂಡು ಪರದೆ ಸರಿಸಿ ಒಳಗೆ ಹೋದ. ತನ್ನ ರಾಗದಿಂದ ಎರಡು ಪೆಟ್ಟು ಎತ್ತಿ, ಒಂದನ್ನು ಬೋರಲು ಹಾಕಿ, ಕೂರಿಸಿ, ಕೇಳಿದ.

ಮೌನ.

ಮೊದಲು ವೈರಿನ ಮೇಲೆ ಅನುಮಾನ; ಕಿತ್ತು ಬೇರೆ ಹಾಕಿದ. ಆಮೇಲೆ ಕಂಪ್ಯೂಟರಿನ ಮೇಲೆ. ಆರಿಸಿ ಮತ್ತೆ ಹೊತ್ತಿಸಿದ. ಆಮೇಲೆ ಪೀಪಿಯ ಮೇಲೆ: ಕಾಲು ವಿಚಾರಿಸುವ ನೆಪದಲ್ಲಿ ಬಂದು ಒಳಗೆ ನುಗ್ಗಿ ಪೆಟ್ಟುಗಳನ್ನು ಬದಲಾಯಿಸಿರಬಹುದೇ? ಹೊರಗೆ ತಲೆ ಹಾಕಿ ಕೇಳಿಯೂ ಕೇಳಿದ.

“ಮೊನ್ನೆ ಅವನು ಬಂದಾಗ ಪರದೆ ದಾಟಿದ್ನಾ?”

“ಅಂಗಡಿಯ ಮೆಟ್ಟಿಲನ್ನೇ ದಾಟಲಿಲ್ಲ. ರಸ್ತೆಯಲ್ಲೇ ನಿಂತು ಕೇಳಿದ್ರು.”

“ನೀನು ಆಗ ಎಲ್ಲಿದ್ದೆ?”

“ನನ್ನ ಮೇಲೂ ಬಂತಾ? ಬರಲಿ, ಬರಲಿ. ಇನ್ನು ಉಳಿದಿರೋದು ಆ ಗೋಡೆ ಮೇಲಿನ ಹಲ್ಲಿ ಒಂದೇ.”

ಗುಮಾನಿ ಒಳಗೆ ಬಂದು ಕೂತ. ಅನುಮಾನಪಡಲು ಇನ್ನು ಯಾರೂ ಉಳಿದಿರಲಿಲ್ಲ, ತನ್ನನ್ನು ಬಿಟ್ಟು. ಆಗ ತನ್ನ ಕೆಲಸವನ್ನೇ ಹೊರಗಿನವನ ಹಾಗೆ ನಿಂತು ನೋಡಿದ. ತಾನು ಮಾಡಿದ್ದೇನು? ಪೆಟ್ಟಿಗೆಯ ಮುಂದೆ ಕೂತು ಬೆರಳು ಸೋಲುವತನಕ ಬಟನ್ ಒತ್ತಿ, ಬಂದ ಪೆಟ್ಟುಗಳಲ್ಲಿ ಸೊಂಪಾದದ್ದೊಂದನ್ನು ಆರಿಸಿ, ಕಂಪ್ಯೂಟರಿನಲ್ಲಿ ಭದ್ರ ಮಾಡಿದ್ದ. ಆಮೇಲೆ ಯಾವ ರಾಗ ಬಂದರೂ ಅದನ್ನೇ ಉದ್ದಕ್ಕೂ ಅಂಟಿಸುತ್ತ ಹೋಗಿದ್ದ. ಕಾಲುವೆಯಿಂದ ಒಂದು ತಂಬಿಗೆ ಎತ್ತಿಕೊಂಡು ಇದೇ ಕಾಲುವೆ ಎಂದು ಊರಿಗೆಲ್ಲ ಹಂಚಿದ್ದ. ನೀರು ಅಸಲಿ, ಹರಿವು ಸತ್ತಿತ್ತು. ಪೀಪಿ ಮಾಡಿದ್ದೂ ಇದನ್ನೇ. ಅವನು ಕದ್ದಿರಲಿಲ್ಲ.

ಪೆಟ್ಟಿಗೆಯ ಸ್ವಿಚ್ಚು ಹಾಕಿ ಗುಮಾನಿ ಬಟನ್ ಒತ್ತಿದ. ಟಸ್. ಇನ್ನೊಮ್ಮೆ ಒತ್ತಿದ. ಟಸ್. ಈ ಎರಡನ್ನೂ ಹಿಡಿದು, ಒಂದನ್ನು ಬೋರಲು ಹಾಕಿ ಕೂರಿಸಿದ. ಈ ಸಲ ಏನೋ ಉಳಿಯಿತು. ತೆಳ್ಳಗೆ, ಒಣ ಎಲೆ ಕದಲಿದ ಹಾಗೆ ಒಂದು ಸುಸ್ಸು. ಅದನ್ನು ಕೇಳುತ್ತ ಬಹಳ ಹೊತ್ತು ಕೂತ.

ಬೆಳಿಗ್ಗೆ ಮಹಡಿಯ ಮೆಟ್ಟಿಲೇರುವಾಗ ಕಾಲುನೋವು ಮರಳಿ ಬಂದಿತ್ತು. ಆಟದ ಹೆಣ್ಣುಮಗಳು ಹೆಸರು ಬರೆದುಕೊಳ್ಳಲು ಕೂತಿದ್ದಳು. ಗುಮಾನಿ ಮೊದಲು ಪೀಪಿಯನ್ನು ಫೋನ್ ಮಾಡಿ ಕರೆಸು ಎಂದ. ಪೀಪಿ ಬಂದ, ಬಾಗಿಲಲ್ಲೇ ನಿಂತ. ಗುಮಾನಿ ಕುರ್ಚಿ ಎಳೆದುಕೊಂಡು ಅದೇ ಪರೀಕ್ಷೆಯನ್ನು ತನ್ನ ರಾಗದ ಮೇಲೆ ಮಾಡಿ ತೋರಿಸಿದ. ಆಕೆ ಕಿವಿಗೆ ಕೈ ಆನಿಸಿ ಕೇಳಿದಳು, ಏನೂ ಕೇಳಿಸಲಿಲ್ಲ.

“ಅಣ್ಣಾ, ಹಾಗಾದ್ರೆ ನಿಮ್ಮದೂ ನಕಲಿನಾ?”

“ನನ್ನದು ನಕಲಿ ಅಂದ್ರೆ ಇವನದೂ ನಕಲಿ, ಇವನದು ಅಸಲಿ ಅಂದ್ರೆ ನನ್ನದೂ ಅಸಲಿ. ನಿನ್ನೆ ಇವನನ್ನ ಕಳ್ಳ ಅಂದೆ. ಆ ಮಾತು ವಾಪಸ್ಸು ತಗೊಂಡೆ.” ಪೀಪಿಯ ಕಡೆ ತಿರುಗದೆ, ಕಂಪ್ಯೂಟರಿಗೇ ಹೇಳಿದ. “ನೀನು ಯಾಕೋ ಜಗಳ ಆಡಲಿಲ್ಲ?”

“ಮೊನ್ನೆ ರಾತ್ರಿಯೇ ನಾನೂ ನಿನ್ನದನ್ನ ಬೋರಲು ಹಾಕಿದ್ದೆ” ಅಂದ ಪೀಪಿ. “ನಿನ್ನದೂ ನನ್ನ ಥರಾನೇ ಅಂತ ಗೊತ್ತಾಯ್ತು.”

“ಮತ್ತೆ ನಿನ್ನೆ ಇಲ್ಲೇ ಹೇಳೋದು ತಾನೇ?”

“ನಿನ್ನ ಮುಂದೆ ಹೇಳಿದ್ರೆ ನಂಬ್ತಿದ್ಯಾ?”

ಹೆಣ್ಣುಮಗಳು ಫಕ್ಕನೆ ನಕ್ಕಳು. ಗುಮಾನಿಗೂ ನಗು ಬಂದಿತ್ತು, ಹಲ್ಲು ಕಚ್ಚಿ ತಡೆದುಕೊಂಡ. ಆಮೇಲೆ ತನ್ನ ಕರಾರು ಹೇಳಿದ: ಆಟದ ಎಲ್ಲ ರಾಗಗಳಿಗೂ ಮೊದಲಿನಿಂದ ಕೊನೆಯವರೆಗೆ ಪೆಟ್ಟಿಗೆಯ ಮುಂದೆ ಕೂತು ಒಂದೊಂದು ಪೆಟ್ಟನ್ನೂ ಬೆರಳಿನಿಂದಲೇ ಒತ್ತುತ್ತಾನೆ, ಒಂದನ್ನೂ ಎರಡು ಸಲ ಅಂಟಿಸುವುದಿಲ್ಲ. ಮುಗಿದ ಮೇಲೆ ಪೀಪಿಯೇ ಬೋರಲು ಹಾಕಿ ನೋಡಲಿ. ಎಲ್ಲಾದರೂ ಮೌನ ಸಿಕ್ಕಿದರೆ ಪರದೆಯ ಮೇಲೆ ಪೀಪಿಯ ಹೆಸರು ಬರೆಯಲಿ.

“ಅಯ್ಯೋ, ಎಷ್ಟು ಸಾವಿರ ಪೆಟ್ಟಾಗುತ್ತೆ ಅಣ್ಣಾ! ಬೆರಳು ಬಿದ್ದು ಹೋಗುತ್ತೆ. ಒಂದೊಂದು ಪೆಟ್ಟನ್ನೂ ಅಷ್ಟಷ್ಟು ಬದಲಾಯಿಸೋ ಪ್ರೋಗ್ರಾಮ್ ನನ್ನ ಹತ್ರ ಇದೆ. ಒಂದು ನಿಮಿಷದ ಕೆಲಸ.”

“ಬದಲಾಯಿಸೋದು ಅಂದ್ರೆ ವೇಷ ಹಾಕೋದು. ಬೇಡಮ್ಮಾ.”

ಪೀಪಿ ಬಾಗಿಲು ಬಿಟ್ಟು ಒಳಗೆ ಬಂದ. ಕೀರಲು ದನಿಯನ್ನು ಆದಷ್ಟು ತಗ್ಗಿಸಿ ಹೇಳಿದ. “ಹಾಗಾದ್ರೆ ನಾನು ಬರ್ತೀನಿ ಕಣೋ. ನನ್ನ ಪೆಟ್ಟಿಗೇನೂ ತರ್ತೀನಿ. ಅರ್ಧ ನೀನು ಒತ್ತು, ಅರ್ಧ ನಾನು ಒತ್ತುತ್ತೀನಿ. ಹೆಸರು ನಿನ್ನದೇ ಇರಲಿ. ನಿಮ್ಮಪ್ಪನ ಋಣ ಅಂದ್ಕೋ.”

ಗುಮಾನಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಅವನ ಕಣ್ಣಿನಲ್ಲಿ, ಕೈಯಲ್ಲಿ, ನಿಂತ ನಿಲುವಿನಲ್ಲಿ ಎಲ್ಲಾದರೂ ಬಿರುಕು ಕಂಡೀತೇ ಎಂದು ಹುಡುಕಿದ. ಕಾಣಲಿಲ್ಲ. ಎದ್ದು, ನೋಯುವ ಕಾಲನ್ನು ಊರಿ, ಅವನ ಹೆಗಲ ಮೇಲೆ ಕೈಯಿಟ್ಟ.

“ಬೇಡ ಕಣೋ. ನೀನು ಒಳ್ಳೆಯವನೇ, ಈಗ ಗೊತ್ತಾಯ್ತು. ಆದ್ರೆ ನನ್ನ ಹುಟ್ಟುಗುಣ ನಿನಗೂ ಗೊತ್ತಲ್ಲ. ನೀನು ಪಕ್ಕದಲ್ಲಿ ಕೂತ್ರೆ ನನ್ನ ಒಂದು ಕಿವಿ ಪೆಟ್ಟಿನ ಮೇಲೆ, ಇನ್ನೊಂದು ನಿನ್ನ ಮೇಲೆ ಇರುತ್ತೆ. ಈ ಕೆಲಸಕ್ಕೆ ನನಗೆ ಎರಡೂ ಕಿವಿ ಬೇಕು. ನೀನು ಮನೆಗೆ ಹೋಗು.”