ಎರಡಿಂಚೋ, ನಾಲ್ಕಿಂಚೋ

ನನ್ನ ಬಲಗಾಲು ನೆಲದಿಂದ ಹದಿನೆಂಟು ಇಂಚು ಮೇಲೇಳುತ್ತದೆ. ಇದು ನಾನಾಗಿ ಕಂಡುಕೊಂಡ ಸತ್ಯವಲ್ಲ. ನಮ್ಮ ಮನೆಯವರು ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಸ್ಟೀಲ್ ಸ್ಕೇಲು ಹಿಡಿದು ಮೂರು ಸಲ ಅಳೆದು, ಸರಾಸರಿ ತೆಗೆದು ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಎಡಗಾಲು ಹದಿನಾರೂವರೆ. ಅದರ ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆಯೊಂದಿದೆ. ಎಪ್ಪತ್ಮೂರು ವರ್ಷ ನಿಷ್ಠೆಯಿಂದ ನನ್ನನ್ನು ಹೊತ್ತ ಕಾಲಿಗೆ ಈ ಅಪನಂಬಿಕೆ ಸಲ್ಲದು, ಐ ಮಸ್ಟ್ ಸೇ.

ಅಳತೆಗೆ ಕಾರಣ ನಮ್ಮ ಪಿಕಪ್ ಟ್ರಕ್ಕು. ಮನೆಯವರು ಪಿಂಪ್ರಿ-ಚಿಂಚವಾಡದ ಗಾಡಿ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆದವರು. ರಿಟೈರ್ ಆದಮೇಲೆ ಅದನ್ನೇ ಮನೆಯಲ್ಲಿ ಆನರರಿಯಾಗಿ ಮುಂದುವರಿಸಿದರು. ಚಪಾತಿ ದುಂಡಗಿಲ್ಲ, ಗಡಿಯಾರ ಒಂದು ಮಿನಿಟು ಮುಂದಿದೆ, ನನ್ನ ಕುಂಕುಮ ಮಧ್ಯಕ್ಕಿಲ್ಲ. ಇಂಥವರು ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡು ತಂದರು. ಮುಂದೆ ನಾಲ್ಕೈದು ಜನ ಕೂರಬಹುದು, ಹಿಂದೆ ಒಂದು ಸಂಸಾರದ ಸಾಮಾನು ಹಿಡಿಸುತ್ತದೆ. ನಾವಿರುವುದು ಇಬ್ಬರು, ವಿಮಾನ ನಗರದ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ. ಹಿಂದೆ ಇದುವರೆಗೆ ಹೋದ ಅತಿ ದೊಡ್ಡ ಲೋಡು ಎಂದರೆ ಬಾಲ್ಕನಿಯ ತುಳಸಿಗೆಂದು ತಂದ ಎರಡು ಚೀಲ ಮಣ್ಣು.

ಗಾಡಿ ಬಂದಮೇಲೆ ಗೆಳೆಯರೂ ಬರುತ್ತಾರೆ. ಕೆಳಗಿನ ಮಹಡಿಯ ಕಾರ್ತಿಕ್, ಬೆಂಗಳೂರಿನ ಹುಡುಗ, ಭಾನುವಾರಗಳಲ್ಲಿ ತನ್ನಂಥವರನ್ನು ಕಟ್ಟಿಕೊಂಡು ಜೀಪುಗಳಲ್ಲಿ ಗುಡ್ಡ ಹತ್ತಿ ಕೆಸರಿನಲ್ಲಿ ಹೂತುಕೊಂಡು ಬರುವ ಹವ್ಯಾಸದವನು. ಅವನು ಒಂದು ದಿನ ಪಾರ್ಕಿಂಗಿನಲ್ಲಿ ನಿಂತು, "ಅಂಕಲ್, ಇದಕ್ಕೊಂದು ಲಿಫ್ಟ್ ಹಾಕ್ಸಿಬಿಡಿ. ಫೋರ್ ಇಂಚ್. ಸಖತ್ತಾಗಿ ಕಾಣುತ್ತೆ" ಎಂದ. ಅಷ್ಟೇ. ಕಿವಿಯಲ್ಲಿ ಮಂತ್ರ ಊದಿದ ಹಾಗಾಯಿತು.

ನನ್ನಂಥವರಿಗಾಗಿ ಹೇಳುತ್ತೇನೆ: ಗಾಡಿಯ ಮೈಯನ್ನು ಚಕ್ರಗಳ ಮೇಲೆ ಇನ್ನಷ್ಟು ಎತ್ತರಕ್ಕೆ ಕೂರಿಸುವುದಕ್ಕೆ ಸಸ್ಪೆನ್ಷನ್ ಲಿಫ್ಟ್ ಎನ್ನುತ್ತಾರೆ. ಮುಂದಿನ ಸ್ಪ್ರಿಂಗುಗಳ ತಲೆಯ ಮೇಲೊಂದು ದಪ್ಪ ಬಿಲ್ಲೆ, ಹಿಂದೆ ಕಬ್ಬಿಣದ ಪಟ್ಟಿಗಳ ಕಟ್ಟಿಗೆ ಇನ್ನೊಂದು ಪಟ್ಟಿ. ಎರಡಿಂಚು ಎತ್ತಿದರೆ ಇಷ್ಟರಲ್ಲೇ ಮುಗಿಯುತ್ತದೆ. ನಾಲ್ಕಿಂಚೆಂದರೆ ಕೆಳಗಿನದೆಲ್ಲ ಬದಲಾಗಬೇಕು, ತಿರುವಿನಲ್ಲಿ ಗಾಡಿ ತೊನೆಯುತ್ತದೆ, ಮಾಲಿನ ಬೇಸ್‌ಮೆಂಟಿನ ಅಡ್ಡಪಟ್ಟಿಗೆ ನೆತ್ತಿ ತಾಗುತ್ತದೆ. ಇದರಿಂದ ಲಾಭ ಏನೆಂದರೆ ಹೊಳೆ ದಾಟಬಹುದು, ಬಂಡೆ ಹತ್ತಬಹುದು. ನಮ್ಮ ಪಿಕಪ್ ಇದುವರೆಗೆ ಹತ್ತಿಳಿದ ಅತಿ ಕಠಿಣ ಪರ್ವತ ಸೊಸೈಟಿಯ ಗೇಟಿನ ಸ್ಪೀಡ್ ಬ್ರೇಕರು. ದಾಟಿದ ಹೊಳೆ, ಟ್ಯಾಂಕರಿನವನು ಚೆಲ್ಲಿ ಹೋದ ನೀರು.

ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದರೆ ರಿಟೈರ್ ಆದಮೇಲೆ ಈ ಮನುಷ್ಯ ಕೇಳಿದ್ದೆಲ್ಲ ಕಡಿಮೆ ಮಾಡು ಎಂದೇ. ಉಪ್ಪು ಕಡಿಮೆ, ಟೀವಿಯ ಸದ್ದು ಕಡಿಮೆ, ನೆಂಟರು ಕಡಿಮೆ. ಎಷ್ಟೋ ವರ್ಷಕ್ಕೆ ಮೊದಲ ಬಾರಿ ಏನೋ ಹೆಚ್ಚಾಗಬೇಕು ಅಂದರು. ಕಣ್ಣಿನಲ್ಲಿ ಒಂದು ಹೊಳಪಿತ್ತು. ಆ ಹೊಳಪಿನ ಮೇಲೆ ತಣ್ಣೀರು ಹಾಕುವಷ್ಟು ಕಲ್ಲೆದೆ ನನ್ನದಲ್ಲ.

ಆದರೆ ಭಯವಿತ್ತು. ಈಗ ಬಾಗಿಲಿನ ಕೆಳಗಿರುವ ಫುಟ್‌ಬೋರ್ಡು ಹದಿನೇಳು ಇಂಚಿನ ಎತ್ತರದಲ್ಲಿದೆ. ನನ್ನ ಕಾಲು ಹದಿನೆಂಟಕ್ಕೆ ಏಳುತ್ತದೆ. ಒಂದಿಂಚಿನ ಮರ್ಯಾದೆಯಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ. ನಾಲ್ಕಿಂಚು ಸೇರಿಸಿದರೆ ಇಪ್ಪತ್ತೊಂದು. ಲೆಕ್ಕ ನನಗೂ ಬರುತ್ತದೆ. ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತ ದಿನದಿಂದ ಐವತ್ತೊಂದು ವರ್ಷ ಈ ಮನುಷ್ಯನ ಜೊತೆ ಎಲ್ಲ ಗಾಡಿಯಲ್ಲೂ ಹೋಗಿದ್ದೇನೆ. ದಾರಿ ತಪ್ಪಿದಾಗಲೆಲ್ಲ ಮೊದಲು ಹೇಳಿದವಳು ನಾನು, ಕೇಳದೆ ಇನ್ನೂ ತಪ್ಪಿಸಿದವರು ಅವರು. ಆ ಸೀಟು ಕಾರ್ತಿಕನ ಪಾಲಾಗುತ್ತದೆಯೇ? ಒಂದು ಸಂಜೆ ಅವರು ಬಾಯಿತಪ್ಪಿ ಅಂದೂ ಬಿಟ್ಟರು: "ಹತ್ತಲಿಕ್ಕೆ ಆಗಲಿಲ್ಲಂದ್ರ ನೀ ಹಿಂದ ರಿಕ್ಷಾದಾಗ ಬಾ, ಸುಮತಿ." ತಮಾಷೆಗೆ ಅಂದದ್ದು. ಆದರೆ ಆ ರಾತ್ರಿ ಊಟಕ್ಕೆ ನಾನು ಉಪ್ಪು ಹಾಕಲೇ ಇಲ್ಲ.

ಇನ್ಸ್‌ಪೆಕ್ಷನ್ನಿನವರು ಸಮಸ್ಯೆಯನ್ನು ಹಾಗೆ ಬಿಡುವುದಿಲ್ಲ. ನನ್ನ ಕಾಲು ಅಳೆದರು. ಅಳತೆ ತೆಗೆದದ್ದು ನೈಟಿಯಲ್ಲಿ. ಗಾಡಿ ಸಿದ್ಧವಾದಮೇಲೆ ಮೊದಲು ಹೋಗಬೇಕಾದದ್ದು ಮನೆದೇವರ ಜೇಜುರಿಗೆ, ಅಲ್ಲಿಗೆ ನಾನು ಹೋಗುವುದು ಇಳಕಲ್ ಸೀರೆಯಲ್ಲಿ. ಅದನ್ನು ನೆನಪಿಸಿದಾಗ ಒಂದು ನಿಮಿಷ ಯೋಚಿಸಿ, ಡೈರಿಯಲ್ಲಿ "ಸೀರೆ ಅಲೋವನ್ಸ್, ಎರಡಿಂಚು ಕಡಿತ" ಎಂದು ಬರೆದುಕೊಂಡರು. ಆಮೇಲೆ ಪರಿಹಾರ ಹುಡುಕಿದರು. ಒಂದು ಪುಟ್ಟ ಮರದ ಸ್ಟೂಲು, ಅದಕ್ಕೊಂದು ಹಗ್ಗ. ನಾನು ಸ್ಟೂಲಿನ ಮೇಲೆ ಕಾಲಿಟ್ಟು ಗಾಡಿ ಹತ್ತಬೇಕು, ಕೂತಮೇಲೆ ಬಾವಿಯಿಂದ ಕೊಡ ಸೇದಿದ ಹಾಗೆ ಸ್ಟೂಲನ್ನು ಹಗ್ಗದಿಂದ ಮೇಲೆಳೆದುಕೊಳ್ಳಬೇಕು. ಲಿಫ್ಟ್ ಹಾಕಿಸುವ ಮುಂಚೆಯೇ ಅಭ್ಯಾಸವಾಗಲಿ ಎಂದು ವಾರವಿಡೀ ಪ್ರ್ಯಾಕ್ಟೀಸು. ಮೂರನೆಯ ದಿನ ಬ್ಯಾಂಕಿನ ಎದುರು ಗಾಡಿ ಹತ್ತಿ, ಯಾರೋ ಪರಿಚಯದವರಿಗೆ ಕೈಬೀಸುವ ಗಡಿಬಿಡಿಯಲ್ಲಿ ನಾನು ಸ್ಟೂಲು ಸೇದುವುದನ್ನೇ ಮರೆತೆ. ಹಗ್ಗದ ತುದಿಯೂ ಕೈಯಿಂದ ಜಾರಿತ್ತು. ಅರ್ಧ ಗಂಟೆಯ ಮೇಲೆ ಹುಡುಕಿಕೊಂಡು ಬಂದರೆ, ನಿಂಬೆಹಣ್ಣು ಮಾರುವ ಅಜ್ಜಿಯೊಬ್ಬರು ಅದರ ಮೇಲೆ ಕೂತು ವ್ಯಾಪಾರ ಮಾಡುತ್ತಿದ್ದರು. ಮುಖದಲ್ಲಿ ಎಂಥ ನೆಮ್ಮದಿ! ನೆಲದಲ್ಲಿ ಕೂತು ಕೂತು ಸೊಂಟ ಹೋಗಿತ್ತಂತೆ, ಯಾರೋ ಪುಣ್ಯವಂತರು ಬಿಟ್ಟು ಹೋಗಿದ್ದಾರೆ ಅಂತ ಮರಾಠಿಯಲ್ಲಿ ನಮಗೇ ಹೇಳಿದರು. ಪುಣ್ಯವಂತರು ಎರಡು ನಿಂಬೆಹಣ್ಣು ಕೊಂಡು ಮನೆಗೆ ಬಂದೆವು.

ಎತ್ತರದ ಮೋಹ ಹೊಸದೇನಲ್ಲ ಬಿಡಿ. ರಾಜರು ಆನೆಯ ಮೇಲೆ ಅಂಬಾರಿ ಕಟ್ಟಿಸಿದರು. ಮದುವೆಯ ದಿನ ಮಾತ್ರ ಕುದುರೆ ಕಾಣುವ ಗುಮಾಸ್ತನೂ ಆ ಒಂದು ದಿನ ಎಲ್ಲರಿಗಿಂತ ಮೇಲೆ ಕೂರುತ್ತಾನೆ. ಆದರೆ ನಮ್ಮ ಮನೆದೇವರು ಖಂಡೋಬನನ್ನು ನೋಡಿ. ನಮ್ಮ ಧಾರವಾಡದ ಕಡೆ ಮೈಲಾರ ಅಂತೀವಲ್ಲ, ಅವನೇ. ಪಟದಲ್ಲಿ ಬಿಳಿ ಕುದುರೆಯ ಮೇಲಿದ್ದಾನೆ, ಅದೇ ಕುದುರೆಯ ಮೇಲೆ ಹೆಂಡತಿ ಮ್ಹಾಳಸೆಯೂ ಇದ್ದಾಳೆ. ಹೊರಟದ್ದು ರಾಕ್ಷಸರ ಮೇಲೆ ಯುದ್ಧಕ್ಕೆ. ನೀ ಹಿಂದ ರಿಕ್ಷಾದಾಗ ಬಾ ಎಂದು ಅವನು ಹೇಳಿದ ದಾಖಲೆ ಯಾವ ಪುರಾಣದಲ್ಲೂ ಇಲ್ಲ.

ಅವನ ಊರಾದ ಜೇಜುರಿಯಲ್ಲಿ ಒಂದು ಪದ್ಧತಿಯಿದೆ. ಹೊಸದಾಗಿ ಮದುವೆಯಾದ ಗಂಡ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಹತ್ತಬೇಕು. ನಮ್ಮವರೂ ಹತ್ತಿದ್ದಾರೆ. ನಾನು ಆಗ ಬೆಳಗಾವಿಯ ಕಾನ್ವೆಂಟಿನಿಂದ ನೇರ ಬಂದವಳು, ಭಾಳ ರೊಮ್ಯಾಂಟಿಕ್. ಕಣ್ಣು ಮುಚ್ಚಿಕೊಂಡಿದ್ದೆ. ಕಿವಿಯಲ್ಲಿ ಏನಾದರೂ ಪಿಸುಗುಡುತ್ತಾರೆಂದು ಕಾದರೆ, ಒಂದು, ಎರಡು ಎಂದು ಎಣಿಸುವುದು ಕೇಳಿಸಿತು. ಐದನೆಯದಕ್ಕೆ ಜೋಳದ ಚೀಲದ ಹಾಗೆ ಇಳಿಸಿ, "ಆತಲ್ಲ?" ಅಂದರು. ನಮ್ಮ ದಾಂಪತ್ಯದ ಶೈಲಿ ಅಂದೇ ನಿಗದಿಯಾಯಿತು.

ಕಡೆಗೂ ಲಿಫ್ಟಿನ ದಿನ ಬಂತು. ಚಿಂಚವಾಡದ ಗ್ಯಾರೇಜಿನ ಬಸು ಮಿಸ್ತ್ರಿ ಅಕ್ಕಲಕೋಟದ ಕಡೆಯವನು, ನಮ್ಮವರ ಹಳೆಯ ಪರಿಚಯ, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ನಮ್ಮವರು ಡೈರಿ ತೆಗೆದು ಗ್ರೌಂಡ್ ಕ್ಲಿಯರೆನ್ಸು, ಸ್ಪ್ರಿಂಗ್ ರೇಟು, ಕೊನೆಗೆ ನನ್ನ ಎರಡೂ ಕಾಲಿನ ಅಂಕಿ ಓದಿದರು. ಬಸು ನನ್ನ ಕಾಲನ್ನು ನೋಡಬಾರದೆಂದು ಸೂರು ನೋಡುತ್ತ ಕೇಳಿಸಿಕೊಂಡ. ಆಮೇಲೆ ಮೂಲೆಯಲ್ಲಿ ನಿಂತಿದ್ದ ಇನ್ನೊಂದು ಪಿಕಪ್ ತೋರಿಸಿದ. ಅದೇ ಮಾಡೆಲ್ಲು, ನಾಲ್ಕಿಂಚು ಎತ್ತಿಸಿದ್ದು. ಯಾವುದೋ ಬಿಲ್ಡರನ ಮಗನದು.

"ಕಾಕೂ, ಪೈಲೇ ಹತ್ತಿ ನೋಡ್ರಿ. ಇಂಚಿನ ಮಾತು ಆಮ್ಯಾಲ" ಅಂದ.

ಕಾನ್ವೆಂಟಿನಲ್ಲಿ ನಮಗೆ ಸಿಸ್ಟರ್ ಅಗ್ನೆಸ್ ಡಿಪೋರ್ಟ್‌ಮೆಂಟ್ ಕಲಿಸುತ್ತಿದ್ದರು. ಮೋಟಾರಿನಲ್ಲಿ ಲೇಡಿ ಹೇಗೆ ಕೂರಬೇಕು? ಮೊದಲು ಆಸನ, ನಂತರ ಜೋಡಿಸಿದ ಮೊಣಕಾಲುಗಳು, ಮುಖದಲ್ಲಿ ಮಂದಹಾಸ. ಕ್ಲಾಸಿನಲ್ಲಿ ಮೋಟಾರಿನ ಬದಲು ಬೆಂಚಿತ್ತು. ಆ ಬೆಂಚು ಯಾವತ್ತೂ ಎದೆಯೆತ್ತರಕ್ಕೆ ಬೆಳೆದಿರಲಿಲ್ಲ. ನಾನು ಸಿಸ್ಟರಿಗೆ ಮನಸ್ಸಿನಲ್ಲೇ ಸಾರಿ ಕೇಳಿ, ಸೆರಗು ಸೊಂಟಕ್ಕೆ ಸಿಗಿಸಿ, ಬಾಗಿಲ ಪಕ್ಕದ ಹಿಡಿಕೆಗೆ ಎರಡೂ ಕೈ ಹಾಕಿ, ಕಾಲಿನ ಬದಲು ಮೊಣಕಾಲನ್ನೇ ಫುಟ್‌ಬೋರ್ಡಿಗೆ ಊರಿ, ಅಟ್ಟ ಹತ್ತುವ ಬೆಕ್ಕಿನ ಹಾಗೆ ಒಂದು ಜೀಕು ಜೀಕಿದೆ. ಮಂದಹಾಸ ಇರಲಿಲ್ಲ, ಅದು ಖರೆ. ಆದರೆ ಮರುಕ್ಷಣ ಸೀಟಿನ ಮೇಲಿದ್ದೆ.

ಓ ಮೈ ಗಾಡ್, ಆ ಎತ್ತರ! ಗ್ಯಾರೇಜಿನ ಕಾಂಪೌಂಡಿನಾಚೆ ರಸ್ತೆ ಕಂಡಿತು. ಎದುರು ಮನೆಯ ಅಂಗಳದಲ್ಲಿ ಹರವಿದ ಹಪ್ಪಳ, ಬಸ್ಸಿನ ಕಿಟಕಿಯಲ್ಲಿ ಟಿಕೆಟು ಹರಿಯುತ್ತಿದ್ದ ಕಂಡಕ್ಟರ್, ಸ್ಕೂಟರುಗಳ ಮೇಲೆ ಸಾಗುವ ಬಗೆಬಗೆಯ ಹೆಲ್ಮೆಟ್ಟುಗಳು. ನಾನು ಐದಡಿಗೂ ಒಂದಿಂಚು ಕಡಿಮೆಯವಳು. ಇಡೀ ಜನ್ಮ ಬೇರೆಯವರ ಭುಜದ ಹಿಂದಿನಿಂದ ಜಗತ್ತನ್ನು ಇಣುಕಿದವಳು. ಮೆರವಣಿಗೆಗಳಲ್ಲಿ ನಾನು ನೋಡಿದ್ದು ಬರೀ ಬೆನ್ನು. ಆ ಹೊತ್ತಿನಲ್ಲಿ ನನಗೆ ನಾಲ್ಕಿಂಚಲ್ಲ, ಆರಿಂಚು ಬೇಕೆನ್ನಿಸಿತು.

ಅಷ್ಟರಲ್ಲಿ ನಮ್ಮವರು ಡ್ರೈವರ್ ಕಡೆಗೆ ಬಂದರು. ಬಾಗಿಲು ತೆಗೆದರು. ಒಂದು ಕಾಲು ಎತ್ತಿದರು. ಇಳಿಸಿದರು. ಇನ್ನೊಂದು ಕಾಲು ಎತ್ತಿದರು. ಆ ಕಡೆ ಹಿಡಿಕೆ ಇಲ್ಲ, ಸ್ಟಿಯರಿಂಗ್ ಹಿಡಿದು ಏರಬೇಕು. ಸ್ಟಿಯರಿಂಗ್ ಹಿಡಿದು ಜಗ್ಗಿದರು. ಅರ್ಧ ಏರಿ, ಮತ್ತೆ ನೆಲಕ್ಕೆ ಬಂದರು. ಆಗ ನನಗೆ ಹೊಳೆಯಿತು: ಡೈರಿಯಲ್ಲಿ ಗಾಡಿಯ ಅಳತೆಯಿದೆ, ಗೇಟಿನದಿದೆ, ಸ್ಟೂಲಿನದಿದೆ, ನನ್ನದಿದೆ. ಅವರ ಕಾಲಿನದಿಲ್ಲ. ಎಪ್ಪತ್ತೆಂಟು ವರ್ಷದ ಆ ಕಾಲುಗಳನ್ನು ಅವರು ಇನ್ಸ್‌ಪೆಕ್ಷನ್ನಿಗೇ ಹಾಕಿರಲಿಲ್ಲ. ಮೂವತ್ತೈದು ವರ್ಷದ ಅಭ್ಯಾಸ ನೋಡಿ, ಅಳೆಯುವವನು ಎಂದೂ ಸ್ಕೇಲಿನ ಈ ಕಡೆಯೇ.

"ಸೀಟು ಭಾಳ ಹಿಂದ ಸರಿಸ್ಯಾರ" ಅಂದರು, ಯಾರಿಗೂ ಅಲ್ಲದ ಹಾಗೆ.

ಬಸು ನಟ್ಟು ಬಿಚ್ಚುವ ಯಾವುದೋ ಪಾನಾ ಹುಡುಕುವವನಂತೆ ಆಚೆ ಹೋದ. ಒಳ್ಳೆಯ ಮನುಷ್ಯ.

ನಾನು ಮೇಲಿನಿಂದ ಕೆಳಗೆ ನೋಡಿದೆ. ನಗಬೇಕೆಂದಿದ್ದೆ, ರಿಕ್ಷಾ ತರಿಸಲೇನ್ರಿ ಎಂದು ಕೇಳಲು ಬಾಯಿಯೂ ತೆರೆದಿತ್ತು. ಆಗ ಅವರ ನೆತ್ತಿ ಕಾಣಿಸಿತು. ಐವತ್ತೊಂದು ವರ್ಷದಲ್ಲಿ ನಾನು ಆ ತಲೆಯನ್ನು ಕೆಳಗಿನಿಂದಷ್ಟೇ ನೋಡಿದ್ದು. ಕುತ್ತಿಗೆ ನೋಯುವಷ್ಟು ಎತ್ತರದ ಮನುಷ್ಯ. ಮೇಲಿನಿಂದ ನೋಡಿದರೆ ಒಂದು ಚಿಕ್ಕ ತಟ್ಟೆಯಗಲ ಬೋಳು, ಅದನ್ನು ಮುಚ್ಚಲು ಪಕ್ಕದಿಂದ ಎಳೆದು ಬಾಚಿದ ಏಳೆಂಟು ಕೂದಲು, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಒಂದೇ ಅಂತರದಲ್ಲಿ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಇಷ್ಟು ಹೊತ್ತು ಏನು ಮಾಡುತ್ತಾರೆಂದು ನಾನು ಬೈಯುತ್ತಿದ್ದದ್ದು ಇದಕ್ಕೆ. ಗಾಳಿಗೆ ಒಂದು ಕೂದಲು ಎದ್ದು ನಿಂತಿತ್ತು. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

"ರೀ, ನನಗ ತಲಿ ಗರ್ ಅಂತದ" ಅಂದೆ. "ಇಷ್ಟು ಎತ್ತರ ನನ್ನ ಕೈಲಿ ಆಗೂದಿಲ್ರಿ. ಎರಡಿಂಚು ಸಾಕು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬಾಗಿಲಿನಿಂದ ಕೈ ತೆಗೆದು, ಅಂಗಿ ಸರಿಮಾಡಿಕೊಂಡು, ದೊಡ್ಡ ಮನಸ್ಸು ಮಾಡಿದವರ ಹಾಗೆ ಬಸುವನ್ನು ಕೂಗಿದರು: "ಬಸು, ಎರಡ ಹಾಕಪಾ. ಈಕಿ ಹೆದರತಾಳ. ಮತ್ತ ಎರಡೂ ಕಡೆ ಹಿಡಿಕಿ ಹಾಕು. ಈಕಿ ಸಲುವಾಗಿ."

ಬಸು ನನ್ನ ಮುಖ ನೋಡಿದ. "ಹೌದ್ರಿ ಕಾಕೂ. ಹೆದರವರು ಇರ್ತಾರ್ರಿ" ಅಂದ, ಭಾಳ ಗಂಭೀರವಾಗಿ.

ಈಗ ಕಾರ್ತಿಕ್ ಪಾರ್ಕಿಂಗಿನಲ್ಲಿ ಸಿಕ್ಕಾಗಲೆಲ್ಲ, ಯಾಕೆ ಅಂಕಲ್, ಟೂ ಇಂಚ್‌ಗೇ ನಿಲ್ಲಿಸಿಬಿಟ್ರಿ ಎಂದು ಕೇಳುತ್ತಾನೆ. ಅಂಕಲ್ ಹೊಸ ಹಿಡಿಕೆ ಹಿಡಿದು ತಮ್ಮ ಸೀಟಿಗೆ ಏರುತ್ತ, ಎತ್ತರ ಅಂದರೆ ನನ್ನ ತಲೆ ಹೇಗೆ ತಿರುಗಿತು, ಮುಖ ಹೇಗೆ ಬಿಳಿಚಿತು ಎಂಬುದನ್ನು ವಿವರವಾಗಿ ಹೇಳುತ್ತಾರೆ. ಪ್ರತಿ ಸಲವೂ ನನ್ನ ಹೆದರಿಕೆ ಒಂದಿಂಚು ಬೆಳೆಯುತ್ತದೆ. ಕಳೆದ ವಾರದ ಹೊತ್ತಿಗೆ ನನ್ನನ್ನು ಇಬ್ಬರು ಹಿಡಿದು ಇಳಿಸಬೇಕಾಗಿತ್ತು. ನಾನು ಅವರ ಪಕ್ಕದ ಸೀಟಿನಲ್ಲಿ ಬೆನ್ನು ನೇರ ಮಾಡಿ ಕೂತು, ಕಿಟಕಿಯ ಗಾಜು ಇಳಿಸಿ, ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸುತ್ತೇನೆ.